ಹನಿನೀರ ದಿಬ್ಬ

ರಾಯಪ್ಪನಪಾಳ್ಯದ ಚರ್ಚಿನ ಹಿಂದೆ ಸಮಾಧಿಭೂಮಿಯ ಕಲ್ಲುಗೋಡೆ ಇದೆ. ಗೋಡೆಯ ಹೊರಗೆ ಜಾಲಿಮುಳ್ಳು ಬೆಳೆದ ಕೆಮ್ಮಣ್ಣಿನ ದಿಬ್ಬವೊಂದಿದೆ. ಅದರ ಹೆಸರು ಹನಿನೀರ ದಿಬ್ಬ. ಹೆಸರು ಕೇಳಿ ಬಂದವರು ಒರತೆ ಹುಡುಕುತ್ತಾರೆ. ಅಲ್ಲಿ ಯಾವ ಕಾಲದಲ್ಲೂ ಒರತೆ ಇರಲಿಲ್ಲ. ಹೆಸರು ಬಂದ ಬಗೆಯನ್ನು ಚರ್ಚಿನ ಶತಮಾನೋತ್ಸವದ ಸಂಚಿಕೆಗೆ ಬರೆದುಕೊಟ್ಟಿದ್ದೆ. ಊರಿನ ಮಾನ ಹೋಗುತ್ತದೆಂದು ಹಿರಿಯರು ಅದನ್ನು ತೆಗೆಸಿದರು. ಹೋಗಬೇಕಾದ ಮಾನ ಎಂದೋ ಹೋಗಿದೆ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ, ಪಾದ್ರಿ ಸ್ವಾಮಿಗಳು ಎರಡು ತಿಂಗಳಿಗೊಮ್ಮೆ ಕುದುರೆಯೇರಿ ಬರುತ್ತಿದ್ದ ಕಾಲದಲ್ಲಿ, ಊರಿನ ಜಪ ಪಾಠಗಳನ್ನೆಲ್ಲ ಚೌರಪ್ಪ ಎಂಬ ಉಪದೇಶಿ ನೋಡಿಕೊಳ್ಳುತ್ತಿದ್ದ. ಉಳಿಯುವ ಭರವಸೆಯಿಲ್ಲದ ಕೂಸಿನ ತಲೆಗೆ ನೀರು ಹನಿಸಿ ಜ್ಞಾನಸ್ನಾನ ಕೊಡುವವನೂ ಅವನೇ. ಆಗ ಇನ್ನಾಸಮ್ಮ ಎಂಬ ವಿಧವೆಗೆ, ಗಂಡ ಸತ್ತ ನಾಲ್ಕು ತಿಂಗಳಿಗೆ, ಹೆಣ್ಣುಕೂಸು ಹುಟ್ಟಿತು. ಅದರ ತುಟಿ ಸೀಳಿತ್ತು, ಒಂದು ಕೈ ಮೊಣಕೈಗೇ ನಿಂತಿತ್ತು. ಏದುಸಿರು ಬಿಡುತ್ತಿದ್ದ ಆ ಕೂಸನ್ನು ಕಂಡು ಚೌರಪ್ಪ ಎರಡು ಹೆಜ್ಜೆ ಹಿಂದೆ ಸರಿದನಂತೆ. "ಇಂಥದ್ಕೆಲ್ಲ ನಾನು ನೀರು ಹಾಕಕಾಗಲ್ಲ, ಸ್ವಾಮಿಗೋಳು ಬಂದು ನೋಡ್ಲಿ" ಎಂದ. ಮೂರು ದಿನ ಹಸಿ ಬಾಣಂತಿ ಅವನ ಬಾಗಿಲಿಗೆ ಅಲೆದಳು. ನಾಲ್ಕನೆಯ ಬೆಳಿಗ್ಗೆ ಕೂಸು ಹೋಯಿತು. ಜ್ಞಾನಸ್ನಾನವಾಗದ ಕೂಸನ್ನು ಗೋಡೆಯೊಳಗೆ ಹೂಳುವಂತಿಲ್ಲ ಎಂದು ತಡೆದವನೂ ಅದೇ ಚೌರಪ್ಪ. ನೀರು ಕೊಡದವನೇ ನೀರು ಬಿದ್ದಿಲ್ಲವೆಂದು ಮಣ್ಣನ್ನೂ ಕೊಡಲಿಲ್ಲ. ಊರು ತಲೆ ತಗ್ಗಿಸಿ ನಿಂತಿತ್ತು, ನನ್ನ ಮುತ್ತಜ್ಜನೂ ಅದರಲ್ಲಿದ್ದ.

"ಕ್ರಿಸ್ಮಸ್ಸಲ್ಲಿ ಮಣ್ಣಿನ ಬಾಲಯೇಸುನ ಎತ್ಕೊಂಡು ಮನೆಮನೇಲೂ ಮುತ್ತು ಕೊಡುಸ್ತೀಯಲ್ಲ ಉಪದೇಶಿ, ಉಸ್ರಾಡೋ ಕೂಸ ಮುಟ್ಟಕೆ ನಿಂಗೆ ಹೇಸ್ಗೆ ಆಯ್ತಾ?" ಎಂದಷ್ಟೇ ಕೇಳಿ, ಇನ್ನಾಸಮ್ಮ ದಿಬ್ಬದ ಮೇಲೆ ತಾನೇ ಗುಂಡಿ ತೋಡಿ ಮಗಳನ್ನು ಹೂತಳು. ತಿಂಗಳಾದ ಮೇಲೆ ಸ್ವಾಮಿಗಳು ಬಂದರು. ಸಂಗತಿ ತಿಳಿದು ದಿಬ್ಬದ ಮೇಲೆ ಮೊಣಕಾಲೂರಿ ಅತ್ತರು ಎನ್ನುತ್ತಾರೆ. ದೇವರು ಚೌರಪ್ಪನನ್ನು ತನ್ನ ರೂಪದಲ್ಲಿ ಮಾಡಿದ್ದು ನಿಜವಾದರೆ ಈ ಕೂಸನ್ನೂ ಹಾಗೇ ಮಾಡಿದ್ದ ಎಂದು ಎಲ್ಲರೆದುರು ಹೇಳಿದರು. ಆಮೇಲೆ ಊರಿಗೆ ಬುದ್ಧಿ ಹೇಳಲು ಹೋಗಿ, ತಾಯಿಯೂ ಅಲ್ಲೇ ನಿಂತಿದ್ದಾಳೆಂಬುದನ್ನು ಮರೆತರು. ಪ್ರಾಣ ಹೋಗುವ ಹೊತ್ತಿನಲ್ಲಿ ಉಪದೇಶಿಯೇ ಬೇಕೆಂದಿಲ್ಲ, ಯಾರು ಬೇಕಾದರೂ ನೀರು ಹನಿಸಬಹುದು ಎಂದುಬಿಟ್ಟರು.

"ನಾನೂ ಹಾಕ್ಬೋದಿತ್ತಾ ಸ್ವಾಮಿ?" ಎಂದಳು ಇನ್ನಾಸಮ್ಮ.

"ಹಾಕಬಹುದಿತ್ತು ತಾಯಿ."

ಊರಿಗೆ ಇದನ್ನು ಕಲಿಸುವುದು ಚೌರಪ್ಪನ ಕೆಲಸವಾಗಿತ್ತು. ಕಲಿಸಿದರೆ ತನ್ನ ದೊಡ್ಡಸ್ತಿಕೆ ಕಡಿಮೆಯಾದೀತೆಂದು ಆ ಪುಣ್ಯಾತ್ಮ ಬಾಯಿ ಮುಚ್ಚಿಕೊಂಡಿದ್ದ.

ಅಂದಿನಿಂದ ಬದುಕಿರುವವರೆಗೂ ಇನ್ನಾಸಮ್ಮ ದಿನಾ ಬೆಳಿಗ್ಗೆ ದಿಬ್ಬ ಹತ್ತಿ ಬೊಗಸೆಯಿಂದ ಮಗಳ ಮಣ್ಣಿನ ಮೇಲೆ ನೀರು ಹನಿಸುತ್ತಿದ್ದಳು. ತಡವಾಯಿತೆಂದು ಅವಳಿಗೂ ಗೊತ್ತಿತ್ತು. ದಿಬ್ಬಕ್ಕೆ ಹೆಸರು ಬಂದದ್ದು ಹೀಗೆ. ಗೋಡೆ ಸರಿಸಿ ದಿಬ್ಬವನ್ನು ಒಳಗೆ ಸೇರಿಸಿಕೊಳ್ಳಿ ಎಂದು ಸ್ವಾಮಿಗಳು ಹೇಳಿ ಹೋದರು. ಕಲ್ಲಿಲ್ಲ, ಆಳಿಲ್ಲ ಎನ್ನುತ್ತ ಊರು ಅದನ್ನು ಇಂದಿಗೂ ಮುಂದೂಡುತ್ತಲೇ ಇದೆ. ಈಗ ಹೋದವರಿಗೆ ದಿಬ್ಬದ ಮೇಲೆ ಎರಡು ಸಮಾಧಿಗಳು ಕಾಣುತ್ತವೆ. ಒಂದು ಮೊಳದುದ್ದದ್ದು, ಅದಕ್ಕೆ ತಾಗಿಕೊಂಡು ಆಳುದ್ದದ್ದು. ಜ್ಞಾನಸ್ನಾನವಾಗಿದ್ದ ಇನ್ನಾಸಮ್ಮನಿಗೆ ಗೋಡೆಯೊಳಗೆ ಗಂಡನ ಪಕ್ಕದಲ್ಲೇ ಜಾಗ ಇಟ್ಟಿದ್ದರು. "ನನ್ನ ಮಗಳಿಗಿಲ್ದಿದ್ದ ಜಾಗ ನಂಗ್ಯಾಕೆ, ಅವಳ ತಾವ್ಲೇ ಮಲಗ್ಸಿ" ಎಂದು ಸಾಯುವಾಗ ಹೇಳಿದಳು ಎನ್ನುತ್ತಾರೆ.