ಸೋಮಿಯ ಕೆಸರಿನ ಗಡಿಗೆ

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂತ್ಕೊಳ್ಳಿ. ಹೊಳೆ ಕಡಲಿಗೆ ಸೇರುವಲ್ಲಿ ಒಂದು ರಾಜ್ಯ ಇತ್ತು. ಅಲ್ಲಿ ಬೆಳಗಾದರೆ ಬರೀ ಮಂಜು. ನೀರು ಯಾವುದು, ಆಕಾಶ ಯಾವುದು ಅಂತ ಕೊಕ್ಕರೆಗೂ ಗೊತ್ತಾಗುತ್ತಿರಲಿಲ್ಲ. ನಾವು ಕೋಳಿ ಸಾಕುವ ಹಾಗೆ ಅಲ್ಲಿನವರು ಹೊಂಡದಲ್ಲಿ ಏಡಿ ಸಾಕುತ್ತಿದ್ದರು.

ಅಲ್ಲಿ ಸೋಮಿ ಅಂತ ಒಬ್ಬಳು. ಅವಳಿಗಿದ್ದದ್ದು ಒಂದೇ ಏಡಿ ಹೊಂಡ, ಮತ್ತೆ ಅತ್ತೆ ಸಾಯುವಾಗ ಕೊಟ್ಟ ಒಂದು ಕೆಸರಿನ ಗಡಿಗೆ. ಆ ಊರಲ್ಲಿ ಒಂದು ಪದ್ಧತಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಏಡಿಮರಿ ಬಿಡುವಾಗ ಹೊಂಡಕ್ಕೆ ಹಳೇ ಗಡಿಗೆಯಿಂದ ಒಂದು ಹಿಡಿ ಕೆಸರು ಹಾಕಬೇಕು. ಆಮೇಲೆ ಮುರುಗಲ ಹಣ್ಣಿನ ಹುಳಿ ಸಿಪ್ಪೆಯಿಂದ ಕೈ ಉಜ್ಜಬೇಕು. ಇಲ್ಲದಿದ್ದರೆ ಕೊಳೆತ ಮೀನಿನಂಥ ಆ ಕೆಸರಿನ ನಾತ ಮೂರು ದಿನ ಹೋಗದು. ಕೆಸರು ಯಾಕೆ ಹಾಕಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಹಾಕಿದ್ದಳು, ಸೊಸೆ ಹಾಕುತ್ತಿದ್ದಳು.

ಹೀಗಿರುವಾಗ ಅರಮನೆಯ ಪುಡಿವೈದ್ಯ ಹೊಂಡ ನೋಡಲು ಬಂದ. ಕೈಗೆಲ್ಲ ಗಂಧ ಪೂಸಿಕೊಂಡು ಓಡಾಡುವ ಆಸಾಮಿ. "ಛೀ ಛೀ! ಈ ಕೆಸರಲ್ಲಿ ಕಣ್ಣಿಗೆ ಕಾಣದ ಹುಳ ಇರ್ತಾವೆ. ನನ್ನ ಕಹಿ ಪುಡಿ ಹಾಕು, ಒಂದು ಹುಳಾನೂ ಉಳಿಯೋದಿಲ್ಲ" ಅಂದ. ಸೋಮಿಗೆ ನಾಚಿಕೆಯಾಯಿತು. ಗಡಿಗೆಯನ್ನು ಹಿತ್ತಲ ಮೂಲೆಗೆ ತಳ್ಳಿದಳು. ಊರವರೆಲ್ಲ ತಮ್ಮ ಗಡಿಗೆ ಎಸೆದರು, ಅವಳಿಗೆ ಮಾತ್ರ ಎಸೆಯಲು ಮನಸ್ಸು ಬರಲಿಲ್ಲ.

ಆ ವರ್ಷ ಊರಿನ ಏಡಿಗಳಿಗೆಲ್ಲ ರೋಗ ಬಂತು. ಚಿಪ್ಪಿನ ಮೇಲೆ ಕಪ್ಪು ಕಲೆ, ಕಾಲೆತ್ತಲೂ ತ್ರಾಣವಿಲ್ಲ. ವೈದ್ಯ ಪುಡಿ ಹಾಕಿದ. ಎಂಟು ದಿನ ಚೆನ್ನಾಗಿತ್ತು, ರೋಗ ತಿರುಗಿ ಬಂತು. ಎರಡನೇ ಸಲ ಹಾಕಿದ. ನಾಲ್ಕು ದಿನಕ್ಕೇ ಬಂತು. ಮೂರನೇ ಸಲ ಹಾಕಿದ. ಮಾರನೇ ದಿನವೇ ಬಂತು, ಅಣ್ಣತಮ್ಮಂದಿರನ್ನೂ ಕರೆದುಕೊಂಡು.

ವೈದ್ಯನದು ತಪ್ಪು ಒಪ್ಪಿಕೊಳ್ಳುವ ಬಾಯೇ? "ಒಡೆಯಾ, ಎಲ್ಲಾ ಸೋಮಿಯ ಹೊಲಸಿನಿಂದಲೇ ಆದದ್ದು. ಆ ಹೊಂಡ ನನಗೆ ಕೊಡಿಸಿ" ಅಂತ ರಾಜನ ಕಿವಿ ಊದಿದ. ರಾಜ ಹೂಂ ಅಂದುಬಿಟ್ಟ. ಹುಣ್ಣಿಮೆಯೊಳಗೆ ಏಡಿ ಹುಷಾರಾಗದಿದ್ದರೆ ಹೊಂಡ ವೈದ್ಯನಿಗೆ!

ಸೋಮಿ ದಂಡೆಯ ಮೇಲೆ ಕೂತು ಅತ್ತಳು. ಇಳಿತದ ನೀರು ಮೆಲ್ಲಗೆ ಕಡಲಿಗೆ ಹೋಗುತ್ತಿತ್ತು. ಆಗ ಒಂದು ಮುದಿ ಏಡಿ ಚಿಪ್ಪು ಕಳಚಿ, ಬೆಣ್ಣೆಯಂಥ ಮೈ ಎಳೆದುಕೊಂಡು ಬಂತು. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಏಡಿಗೆ ಮಾತು ಬರುತ್ತದೆ, ಗೊತ್ತಲ್ಲ? ಆಗ ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

"ಅಳಬೇಡ ಮಗಾ. ನಮ್ಮನ್ನು ಕೊಲ್ಲೋ ಹುಳಕ್ಕಿಂತ ಸಣ್ಣ ಹುಳ ನಿನ್ನ ಗಡಿಗೇಲಿ ಉಂಟು. ಅದು ಬೇಟೆಗಾರ. ರೋಗದ ಹುಳದೊಳಗೆ ಹೊಕ್ಕು, ಒಳಗಿಂದಲೇ ತಿಂದು, ಒಂದು ಹೋದದ್ದು ನಾಲ್ಕಾಗಿ ಹೊರಗೆ ಬರ್ತದೆ. ನಮ್ಮನ್ನು ಮುಟ್ಟೋದಿಲ್ಲ. ರೋಗ ಮುಗಿದ ಮೇಲೆ ತಾನೂ ಕಡಿಮೆಯಾಗ್ತದೆ. ಆ ಪುಡಿ ಕಳ್ಳರ ಜೊತೆ ಕಾವಲುಗಾರರನ್ನೂ ಕೊಂದಿತು. ಉಳಿದ ನಾಲ್ಕು ಕಳ್ಳರಿಗೆ ಊರೇ ತಮ್ಮದಾಯ್ತು."

ಸೋಮಿ ಬಗ್ಗಿ ನೋಡಿದಳು. ನೀರಿನಾಳದಲ್ಲಿ ಸಾವಿರ ಸಣ್ಣ ಬೆಳಕು ಸದ್ದಿಲ್ಲದೆ ಓಡಾಡಿದ ಹಾಗೆ ಕಂಡಿತು. ನಿಜವೋ, ಕನಸೋ, ಅವಳಿಗೂ ತಿಳಿಯಲಿಲ್ಲ.

ಮರುದಿನ ಗಡಿಗೆ ಹೊತ್ತು ಅರಮನೆಗೆ ಹೋದಳು. "ಒಡೆಯಾ, ಎರಡು ಕೊಪ್ಪರಿಗೇಲಿ ನನ್ನ ಹೊಂಡದ ನೀರು, ಒಂದೊಂದು ರೋಗದ ಏಡಿ ಇಡಿಸಿ. ಒಂದಕ್ಕೆ ವೈದ್ಯರ ಪುಡಿ, ಒಂದಕ್ಕೆ ನನ್ನ ಕೆಸರು. ಹುಣ್ಣಿಮೆಗೆ ಇನ್ನೈದು ದಿನ ಉಂಟಲ್ಲ, ನೋಡುವಾ" ಅಂದಳು. ರಾಜ ಒಪ್ಪಿದ.

ಮೊದಲ ದಿನ ಎರಡೂ ಏಡಿ ಬಿದ್ದುಕೊಂಡಿದ್ದವು. ಎರಡನೇ ದಿನ ಸೋಮಿಯ ಏಡಿ ಕಾಲಾಡಿಸಿತು. ಮೂರನೇ ದಿನ ಅದು ಅಡ್ಡಡ್ಡ ಓಡಿತು, ವೈದ್ಯನದ್ದು ಅಂಗಾತ ಬಿತ್ತು. ವೈದ್ಯ ಸುಮ್ಮನೆ ಬಿಡುವನೇ? ಮರುದಿನ ಮಂಜಿನಲ್ಲಿ ಯಾರೂ ಕಾಣದ ಹೊತ್ತಿಗೆ ಪುಡಿಯ ನೀರು ಚೆಲ್ಲಿ, ಹೊಂಡದ ನೀರು ತುಂಬಿಸಿ, ಸೋಮಿ ಅಲ್ಲೇ ಇಟ್ಟಿದ್ದ ಗಡಿಗೆಯಿಂದಲೇ ಒಂದು ಹಿಡಿ ಕೆಸರು ತೆಗೆದು ಹಾಕಿಬಿಟ್ಟ!

ಹುಣ್ಣಿಮೆ ಬಂತು. ವೈದ್ಯನ ಏಡಿಯೂ ಎದ್ದು ಕಾಲಾಡಿಸುತ್ತಿತ್ತು. "ನೋಡಿದಿರಾ ಒಡೆಯಾ, ನನ್ನ ಪುಡಿ!" ಅಂತ ಎದೆಯುಬ್ಬಿಸಿದ. ಸೋಮಿಯ ಕಣ್ಣು ತುಂಬಿತು.

ಅರಮನೆಯಲ್ಲಿ ಒಂದು ಬೆಕ್ಕಿತ್ತು. ಒಂದು ಇಲಿಯನ್ನೂ ಹಿಡಿದದ್ದಿಲ್ಲ, ಅಂಥ ಸೋಮಾರಿ. ಅದು ಎದ್ದು ಬಂದು ವೈದ್ಯನ ಬಲಗೈ ಮೂಸಿತು. ದೂಡಿದ. ತಿರುಗಿ ಬಂದು ನೆಕ್ಕಿತು. ಮತ್ತೆ ದೂಡಿದ. ಮೂರನೇ ಸಲ ಹೆಗಲೇರಿ ಬೆರಳಿಗೇ ಬಾಯಿ ಹಾಕಿತು.

ರಾಜ ಹತ್ತಿರ ಬಂದು ಮೂಗು ಮುಚ್ಚಿಕೊಂಡ. "ವೈದ್ಯರೇ, ಗಂಧದ ಕೈಗೆ ಇದೇನು ನಾತ?"

ಸೋಮಿ ಕಣ್ಣೊರೆಸಿಕೊಂಡು ನಕ್ಕಳು. "ನನ್ನ ಗಡಿಗೆಗೆ ಕೈ ಹಾಕಿದವರು ಮುರುಗಲ ಸಿಪ್ಪೇಲಿ ಉಜ್ಜಬೇಕು ಒಡೆಯಾ. ವೈದ್ಯರಿಗೆ ಹೇಳಿಕೊಡೋಕೆ ಪಾಪ, ಅತ್ತೆ ಇರಲಿಲ್ಲ."

ಸಭೆಯೆಲ್ಲ ಗೊಳ್ಳೆಂದಿತು. ವೈದ್ಯ ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡ. ಹೊಂಡ ಸೋಮಿಗೇ ಉಳಿಯಿತು. ಊರಿನ ಹೊಂಡಗಳಿಗೆಲ್ಲ ಹಿಡಿ ಹಿಡಿಯಾಗಿ ಕೆಸರು ಹಾಕುವ ಕೆಲಸ ವೈದ್ಯನಿಗೆ ಬಿತ್ತು. ಮುರುಗಲ ಸಿಪ್ಪೆ ಮಾತ್ರ ಕೊಡಬಾರದು ಅಂತ ರಾಜಾಜ್ಞೆ. ಮಂಜಿನಲ್ಲಿ ಅವನು ಮುಂದೆ ಮುಂದೆ, ಬೆಕ್ಕು ಹಿಂದೆ ಹಿಂದೆ.

ಅದಕ್ಕೇ ಹೇಳುವುದು ಮಕ್ಕಳೇ, ಕಣ್ಣಿಗೆ ಕಾಣದವರೆಲ್ಲ ಕಳ್ಳರಲ್ಲ. ಕಳ್ಳನನ್ನು ಹೊಡೆಯುವ ಆತುರದಲ್ಲಿ ಮನೆ ಕಾಯುವವನನ್ನು ಕೊಲ್ಲಬೇಡಿ.