ಹುಲಿ ನಿಂತಿದ್ದರೆ

ಹಳೆಯ ಹುಲಿ ಈಗ ಚುನಾವಣೆಗೆ ನಿಂತಿದ್ದರೆ ಚಿರತೆಗೆ ಠೇವಣಿಯೂ ಉಳಿಯುತ್ತಿರಲಿಲ್ಲ ಎಂದು ಕಾಡಿನಲ್ಲಿ ಎಲ್ಲರೂ ನಂಬಿದ್ದರು. ಹುಲಿ ಸತ್ತು ಬಹಳ ವರ್ಷಗಳಾಗಿದ್ದವು.

ಅಧ್ಯಕ್ಷ ಪದವಿಗೆ ಚಿರತೆಯೊಂದೇ ನಾಮಪತ್ರ ಹಾಕಿತ್ತು. ಸೂರ್ಯ ಮುಳುಗಿದರೆ ಗಡುವು ಮುಗಿಯುತ್ತಿತ್ತು. ಒಂದು ಮರಿಯನ್ನು ಆಗಲೇ ಚಿರತೆಯ ಬಾಯಿಗೆ ಕೊಟ್ಟಿದ್ದ ಜಿಂಕೆ, ಉಳಿದೊಂದನ್ನು ಕರೆದುಕೊಂಡು ಪ್ರಾಣಿಗಳ ಗುಂಪಿನ ನಡುವೆ ಕುಳಿತಿದ್ದ ಕಾಡುಕೋಣದ ಬಳಿಗೆ ಓಡಿಬಂದಿತು.

"ಕೋಣಣ್ಣ, ನೀವು ಎದುರು ನಿಲ್ಲಿ. ನಾವೆಲ್ಲ ಮತ ಹಾಕುತ್ತೇವೆ."

"ತಡಿಯಮ್ಮ, ಇಲ್ಲಿ ಮುಖ್ಯವಾದ ಚರ್ಚೆ ನಡೆದಿದೆ. ಹುಲಿಗೂ ಚಿರತೆಗೂ ನೇರ ಸ್ಪರ್ಧೆಯಾದರೆ ಗೆಲ್ಲುವವರು ಯಾರು?"

"ಸತ್ತವರು ನಾಮಪತ್ರ ಹಾಕುತ್ತಾರೆಯೇ?"

"ನಿನಗೆ ರಾಜಕೀಯ ತಿಳಿಯದು," ಎಂದಿತು ಕೋತಿ. "ಹುಲಿರಾಯರು ಪ್ರತಿ ಸಲವೂ ಅವಿರೋಧವಾಗಿ ಆಯ್ಕೆಯಾದವರು. ಅಂಥ ಜನಪ್ರಿಯತೆ ಈ ಚಿರತೆಗೆಲ್ಲಿ ಬರಬೇಕು?"

ಎಲ್ಲರೂ ಬಾಲ ಎತ್ತಿ ಮತ ಹಾಕಿದರು. ಹುಲಿ ಭರ್ಜರಿಯಾಗಿ ಗೆದ್ದಿತು.

"ಸತ್ತ ಹುಲಿಗೆ ಬಾಲ ಎತ್ತಿದಿರಲ್ಲ, ಬದುಕಿರುವ ಚಿರತೆಯ ಎದುರು ತಲೆ ಎತ್ತಲು ಏನಾಗಿದೆ ನಿಮಗೆ?" ಎಂದು ಜಿಂಕೆ ಕೂಗಿತು. ಜಯಕಾರದ ನಡುವೆ ಅದು ಯಾರಿಗೂ ಕೇಳಿಸಲಿಲ್ಲ. ಜಯಕಾರ ಮುಗಿಯುವಷ್ಟರಲ್ಲಿ ಸೂರ್ಯ ಮುಳುಗಿ, ಚಿರತೆ ಅವಿರೋಧವಾಗಿ ಆಯ್ಕೆಯಾಯಿತು.

ಜಿಂಕೆ ಮರಿಯನ್ನು ಹೊಟ್ಟೆಯಡಿಗೆ ಎಳೆದುಕೊಂಡು, ಸಿಟ್ಟಿನಿಂದ ಮುದಿ ಆನೆಯನ್ನು ಕೇಳಿತು: "ಅಜ್ಜಿ, ಆ ಹುಲಿಯ ಎದುರು ಒಬ್ಬರೂ ನಿಲ್ಲಲಿಲ್ಲವೇ?"

"ನಿಂತಿದ್ದರು," ಎಂದಿತು ಆನೆ. "ನಿಂತವರನ್ನೆಲ್ಲ ಅದು ಮತದಾನಕ್ಕೆ ಮೊದಲೇ ತಿಂದಿತು. ಮೊದಲು ತಿಂದದ್ದು ಈ ಕೋಣನ ತಾತನನ್ನು."