ಸೋದರಮಾವನ ತುತ್ತು

ಧಾರವಾಡದ ಕಾಗೆಗೆ ಬೆಳಗಾವಿಯ ತಂಗಿಯಿಂದ ಕರೆ ಬಂದಿತ್ತು. ಸೋದರಮಾವ ಮಧ್ಯಾಹ್ನದೊಳಗೆ ಬಂದು ಮೊದಲ ತುತ್ತು ಉಣಿಸುವ ತನಕ ಮರಿಗೆ ಊಟವಿಲ್ಲ.

"ನೆಟ್ಟಗ ಹಾರಿದರ ಎರಡ ತಾಸು," ಅಂತ ಕಾಗೆ ಪೇಡೆ ಡಬ್ಬಿಯ ಮೇಲೆ ಕೂತಿದ್ದ ನೊಣಕ್ಕೆ ಹೇಳಿತು. "ನೀ ಹೊಂಟರ ಮುಂದಿನ ಯುಗಾದಿಗೆ ಮುಟ್ಟತಿ ನೋಡು!"

"ನಾ ಯಾಕ ಹಾರಲೆಪ್ಪಾ? ಈ ಡಬ್ಬಿನ ಬೆಳಗಾವಿ ಬಸ್ಸಿಗೆ ಹೊಂಟೈತಿ," ಅಂದಿತು ನೊಣ.

ಕಾಗೆ ಭರ್ರನೆ ಹಾರಿದ್ದೇನೋ ಖರೆ. ಆದರೆ ಕಿತ್ತೂರಿನಲ್ಲಿ ನಾಲ್ಕು ಅಗುಳು ಅನ್ನ ಕಂಡಿತು. ಬಳಗವನ್ನು ಕರೆಯದೆ ತಿಂದರೆ ಅದು ಕಾಗೆಯೇ? ಕರೆಯಿತು. ಬಂದವರೆಲ್ಲ ಮನೆಮಂದಿಯ ಸುದ್ದಿ ಕೇಳಿದರು. ಮುಂದಿನ ಊರಿನಲ್ಲಿ ರೊಟ್ಟಿಯ ಚೂರು ಸಿಕ್ಕಿತು. ಮತ್ತೆ ಕರೆ, ಮತ್ತೆ ಸುದ್ದಿ.

ಹೊತ್ತು ಮುಳುಗುವಾಗ ತಂಗಿಯ ಗೂಡು ಮುಟ್ಟಿದರೆ, ಮರಿ ಉಂಡು ತೇಗುತ್ತಿತ್ತು.

"ಹಸಿದು ಅಳಾಕ ಹತ್ತಿತ್ತಣ್ಣಾ," ಅಂದಿತು ತಂಗಿ. "ನೀ ಬಂದಿಯೇನು ಅಂತ ಕೇಳಾಕ ನೊಣಪ್ಪ ಬಂದಿದ್ದ. ಕಾಲಿಗೆ ಅಂಟಿದ್ದ ಪೇಡೆ ಪುಡಿನ ಅದರ ಬಾಯಿಗಿಟ್ಟ."

ಮರಿ ಕಾಗೆಯನ್ನು ಮೇಲಿಂದ ಕೆಳಗೆ ನೋಡಿತು.

"ಅವ್ವಾ, ಇವ ಯಾರು? ನಮ್ಮ ನೊಣಮಾವಗ ಗುರುತಿನಾವೇನು?"